ತವರಿನ ಮಣ್ಣು ತೊಳೆದವಳಿಗೆ

ಎರಡನೆಯ ಬೇಸಿಗೆ, ಹದಿಮೂರನೆಯ ತಿಂಗಳು, 2219
ಕೆಂಗಣಿವೆ, ಬಂಡೆಮಾಳಿಗೆಯ ಒಳಗಿನಿಂದ

ನೀಲಗಂಗಾ,

ಮೇಲಿನ ತಾರೀಖು ನೋಡಿ, ಯಾವಳೋ ತಲೆಕೆಟ್ಟವಳು ಬರೆದಿದ್ದಾಳೆ ಎಂದು ಇದನ್ನು ಒಲೆಗೆ ಹಾಕಬೇಡ. ಮಳೆಗಾಲ ನಿಂತುಹೋದ ಮೇಲೆ ನಮ್ಮವರು ಆ ತಿಂಗಳುಗಳಿಗೆ ಎರಡನೆಯ ಬೇಸಿಗೆ ಎಂದು ಹೆಸರಿಟ್ಟರು. ಅದೂ ಸಾಲದೆ ಹದಿಮೂರನೆಯ ತಿಂಗಳೊಂದನ್ನು ವರ್ಷದ ಬಾಲಕ್ಕೆ ಕಟ್ಟಿದರು. ನನ್ನ ಮಾತು ನಿನಗೆ ಅಲ್ಲಲ್ಲಿ ವಿಚಿತ್ರ ಅನ್ನಿಸಬಹುದು, ಕ್ಷಮಿಸು. ನಿಮ್ಮ ಕಾಲದ ಕನ್ನಡವನ್ನು ನಾನು ಮುದ್ರಿಸಿಟ್ಟ ಹಳೆಯ ಧ್ವನಿಗಳನ್ನು ಕೇಳಿ ಕೇಳಿ ಕಲಿತವಳು. ನೀನು ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿ. ಆದರೆ ಈ ಓಲೆ ಮುಟ್ಟುವ ಹೊತ್ತಿಗೆ ನೀನು ಕೈಯ ಮದರಂಗಿ ಮಾಸದ ಹೊಸ ಸೊಸೆ, ನಾನು ಮದುವೆಗೆ ಬಂದ ಮಗಳ ತಾಯಿ. ಅದಕ್ಕೇ ಏಕವಚನ. ಬೇಜಾರಾಗಬೇಡ.

ನನ್ನ ಹೆಸರು ಇಬ್ಬನಿ, ಮಗಳ ಹೆಸರು ಸೋನೆ. ಇಲ್ಲದೇ ಹೋದವುಗಳ ಹೆಸರನ್ನು ಮಕ್ಕಳಿಗೆ ಇಡುವುದು ನಮ್ಮ ಕಾಲದ ರೂಢಿ. ಇಬ್ಬನಿ ಎಂದರೆ ಹೇಗಿರುತ್ತದೆ ಎಂದು ನನ್ನನ್ನೇ ಕೇಳಿದರೆ ನಾನೇನು ಹೇಳಲಿ? ನೀನು ಓದುತ್ತಿರುವುದು ಒಂದು ಹಿಂದೋಲೆ. ಸತ್ತವರಿಗೆ, ಅವರು ಬದುಕಿದ್ದ ಕಾಲಕ್ಕೆ ಬರೆದು, ಅವರು ಓಡಾಡಿದ ಜಾಗದ ಕಲ್ಲುಸಂದಿಯಲ್ಲಿ ಇಡುತ್ತೇವೆ. ಮುಟ್ಟುತ್ತದೋ ಇಲ್ಲವೋ ಕಂಡವರಿಲ್ಲ.

ನೀನು ಸೊಸೆಯಾಗಿ ಬಂದ ಕೆಂಗಣಿವೆಗೆ ಇವತ್ತು ಬೆಳಿಗ್ಗೆ ಬಂದೆವು. ಘಟ್ಟದ ರಸ್ತೆ ಕುಸಿದು ಎಷ್ಟೋ ಕಾಲವಾಯಿತು, ಈಗ ಹಗ್ಗದ ಮೇಲೆ ಜಾರುವ ತೂಗುಬಂಡಿಯೇ ಗತಿ. ಮೇಲಿನಿಂದ ನೋಡಿದರೆ ಎರಡೂ ಬೆಟ್ಟಗಳ ಮೈತುಂಬ ಮೆಟ್ಟಿಲು ಮೆಟ್ಟಿಲಾಗಿ ಕೆಂಪು ನೆಲ. ಅದರಲ್ಲಿ ಸಾಲು ಹಿಡಿದು ನಿಂತ ಕಲ್ಲುಕಂಬಗಳು. ದ್ರಾಕ್ಷಿ ಬಳ್ಳಿ ಹಬ್ಬಿಸಲು ನಿಮ್ಮವರು ನೆಟ್ಟ ಕಂಬಗಳಂತೆ. ಬಳ್ಳಿ ಒಂದೂ ಇಲ್ಲ. ಬೀದಿಯನ್ನು ಮಾತ್ರ ನಿಮ್ಮ ಕಾಲದಲ್ಲಿ ಇದ್ದಂತೆಯೇ ಇಟ್ಟಿದ್ದಾರೆ. ದ್ರಾಕ್ಷಿ ಗೊಂಚಲು ಕೆತ್ತಿದ ಬಾಗಿಲುಗಳು, ಕಲ್ಲು ತೊಟ್ಟಿಗಳು, ಬಂಡೆ ಕೊರೆದು ವೈನ್ ಮಾಗಿಸುತ್ತಿದ್ದ ಬಂಡೆಮಾಳಿಗೆ. ನೋಡಲು ಬಂದವರಿಗೆ ಮೂಗುಗುಟುಕು ಕೊಡುತ್ತಾರೆ. ಹಾಗೆಂದರೆ ಹಳೆಯ ಪೀಪಾಯಿಯ ಹಲಗೆಯೊಂದನ್ನು ಮೂಗಿಗೆ ಹಿಡಿಯುವುದು, ಒಮ್ಮೆ ಉಸಿರೆಳೆದುಕೊಂಡು ಮುಂದೆ ಹೋಗುವುದು. ನನಗೆ ಬಂದದ್ದು ಬರೀ ಧೂಳಿನ ವಾಸನೆ. ನನ್ನ ಹಿಂದಿದ್ದವನೊಬ್ಬ ಕಣ್ಣು ಮುಚ್ಚಿ "ಆಹಾ" ಎಂದ, ಪುಣ್ಯಾತ್ಮ.

ನಾವು ಬಂದದ್ದು ಮೂಸಿ ಹೋಗಲಿಕ್ಕಲ್ಲ. ಈ ಊರಿನ ಹುಡುಗನಿಗೆ ಸೋನೆಯನ್ನು ಕೇಳಿದ್ದಾರೆ. ಮಾಳಿಗೆಯ ಹಿಂದಿನ ಬಂಡೆಯೊಳಗೆ ಇನ್ನೂ ನೀರು ಜಿನುಗುತ್ತದೆ, ಅದು ಈ ಊರಿನ ಮನೆಗಳಿಗಷ್ಟೇ. ನಮ್ಮ ಎರೆನೆಲದಲ್ಲಿ, ಅಂದರೆ ನಿನ್ನ ತವರಿನಲ್ಲಿ, ನೀರನ್ನು ನಾಲಿಗೆ ನೆನೆಯುವಷ್ಟು ಅಳೆದು ಕೊಡುತ್ತಾರೆ. ಮೊದಲ ಮಗಳನ್ನು ನಾನು ಬಾಯಾರಿಕೆಗೆ ಕಳೆದುಕೊಂಡಿದ್ದೇನೆ. ಇವಳಾದರೂ ನೀರಿರುವ ಮನೆ ಸೇರಲಿ ಎಂದು ಕರೆದುಕೊಂಡು ಬಂದೆ. ನಿನ್ನ ಹೆಸರು ಎತ್ತಬಾರದು ಎಂದು ನಿರ್ಧರಿಸಿಯೇ ಬಂದಿದ್ದೆ.

ಹುಡುಗನ ತಾಯಿ ತೊರೆಯಮ್ಮನದು ಬಂದವರಿಗೆ ಊರು ತೋರಿಸುವ ಕೆಲಸ. ಮಾತಿನ ಮಲ್ಲಿ, ಆದರೆ ಕೆಟ್ಟವಳಲ್ಲ. ಊರಬಾಗಿಲಲ್ಲಿ ಸೋನೆಯನ್ನು ಕೂರಿಸಿ ಪಾದ, ಉಗುರುಸಂದಿ, ಲಂಗದ ಅಂಚು ಎಲ್ಲವನ್ನೂ ತಾನೇ ತೊಳೆದಳು. "ಹೊರಗಿನ ಮಣ್ಣು ಒಂದು ಚೂರೂ ಒಳಕ್ ಬರಂಗಿಲ್ಲ ಕಣಮ್ಮ, ಇದು ನಮ್ಮೂರ ಶಾಸ್ತ್ರ" ಎಂದಳು. ಒಂದು ಚೊಂಬು ನೀರು ಪೂರ್ತಿ ನೆಲಕ್ಕೆ ಹರಿದುಹೋಯಿತು. ಸೋನೆ ತನ್ನ ಪಾದ ನೋಡಲಿಲ್ಲ, ಹರಿಯುವ ನೀರನ್ನೇ ನೋಡುತ್ತಿದ್ದಳು.

ಬಾಗಿಲು ದಾಟಿದರೆ ಒಂದು ಕಂಬ. ಸುತ್ತ ಕಲ್ಲುಗಳ ಗುಡ್ಡೆ. ಅದಕ್ಕೆ ಹಾಳುಸೊಸೆ ಕಂಬ ಎನ್ನುತ್ತಾರೆ. ನಿನ್ನ ಕಂಬ, ನೀಲಗಂಗಾ. ತೊರೆಯಮ್ಮ ಕಥೆ ಹೇಳಿದಳು. "ಬಡಗಣ ಸೀಮೆಯಿಂದ ಬಂದ್ಲು ಒಬ್ಳು ಮನೆಹಾಳಿ. ಸಸಿ ಜೊತೆಗೆ ಕರೀ ಮಣ್ಣು ತಂದ್ಲು, ಮಣ್ಣಲ್ಲಿ ಬೇರುಹೇನು ತಂದ್ಲು. ಅವಳ ಬಾಗಿಲ ಬಳ್ಳಿ ಮೊದಲು ಒಣಗ್ತು, ಆಮೇಲೆ ಇಡೀ ಕಣಿವೆ. ಬಸುರೀನ ಹೊಡೆದಟ್ಟಿದ್ರು. ಮತ್ತಿನ್ನೇನ್ ಮಾಡ್ಬೇಕಿತ್ತು?" ಈ ಊರಿಗೆ ಬರುವ ಪ್ರತಿ ಸೊಸೆ ಆ ಕಂಬಕ್ಕೆ ಕಲ್ಲು ಹೊಡೆದು, ಎರಡೂ ಕೈ ಬಿಚ್ಚಿ ತೋರಿಸಿ "ಬರಿಗೈಲಿ ಬಂದೆ" ಎನ್ನಬೇಕು. ಅಷ್ಟರಲ್ಲಿ ಮುಚ್ಚುಹೊತ್ತಿನ ಕೊಂಬು ಕೂಗಿತು. ನಡುಹಗಲಿನ ಬಿಸಿಲಿಗೆ ಯಾರೂ ಮೈಯೊಡ್ಡಬಾರದ ಹೊತ್ತು ಅದು. ಎಲ್ಲರನ್ನೂ ಈ ಮಾಳಿಗೆಗೆ ಅಟ್ಟಿದರು. ಕಲ್ಲು ಹೊಡೆಯುವುದು ಬಿಸಿಲಿಳಿದ ಮೇಲೆ ಎಂದಾಯಿತು.

ಆ ಕಥೆ ಕೇಳಿ ನನ್ನ ಮೈ ಉರಿದುಹೋಯಿತು. ತಾಯಿಯಿಂದ ಮಗಳಿಗೆ ಬಂದ ಮಾತು ನನಗೆ ಗೊತ್ತಲ್ಲ! ನಿಮ್ಮ ಕಾಲದ ಶಾಸ್ತ್ರವೇ ಬೇರೆ. ಸೊಸೆಯಾದವಳು ತವರಿನಿಂದ ಬೇರು ಬಿಟ್ಟ ದ್ರಾಕ್ಷಿ ಸಸಿ ತಂದು ಗಂಡನ ಮನೆಯ ಬಾಗಿಲಲ್ಲಿ ನೆಡಬೇಕಿತ್ತು. ಬೇರಿಗೆ ಹಿಡಿದ ಮಣ್ಣು ತೊಳೆಯುವಂತಿರಲಿಲ್ಲ, ತೊಳೆದರೆ ತವರಿನ ಋಣ ಹರಿಯಿತು ಎನ್ನುತ್ತಿದ್ದರು. ನೀನು ತೊಳೆದು ತಂದೆ. ತೋಟದ ಮನೆಯ ಮಗಳು ನೀನು, ಬೇರಿಗೆ ಹತ್ತುವ ಹೇನು ನಿನಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿದೆ ಕೂಡ. ಅತ್ತೆ ಆ ಸಸಿಯನ್ನು ಬೀದಿಗೆ ಎಸೆದು, "ಶಾಸ್ತ್ರ ಗೊತ್ತಿಲ್ಲದ ಮನೆಯವಳು" ಎಂದು ಹಂಗಿಸಿ, ಮಣ್ಣಿನ ಸಮೇತ ಇನ್ನೊಂದನ್ನು ತಾ ಎಂದು ತವರಿಗೆ ತಿರುಗಿ ಕಳಿಸಿದಳು. ನೀನು ಮಣ್ಣಿನ ಸಮೇತವೇ ತಂದೆ. ಹೊಡೆದು ಅಟ್ಟುವಾಗ ನಿನ್ನ ಗಂಡ ಬಾಗಿಲ ಹಿಂದೆ ನಿಂತಿದ್ದನಂತೆ, ಹೊರಗೆ ಬರಲಿಲ್ಲವಂತೆ. ಇವತ್ತು ಇವರು ಚೊಂಬುಗಟ್ಟಲೆ ನೀರು ಸುರಿದು ಮಾಡುವ ಶಾಸ್ತ್ರವನ್ನೇ ಅವತ್ತು ನೀನು ಮಾಡಿ ಬೈಸಿಕೊಂಡೆ.

ಇದನ್ನೆಲ್ಲ ಮಾಳಿಗೆಯ ಮೂಲೆಯಲ್ಲಿ ಕೂತು ಸೋನೆಗೆ ಹೇಳಿಬಿಟ್ಟೆ. ಹೇಳದೆ ಇರಲು ಆಗಲಿಲ್ಲ. ಹೊರಗೆ ಗೊತ್ತಾದರೆ ಸಂಬಂಧ ಮುರಿಯುತ್ತದೆ, ಅದೂ ಅವಳಿಗೆ ಗೊತ್ತು. ಅವಳು ನನ್ನ ಕೈ ಹಿಡಿದು, "ಯವ್ವಾ, ಆಕಿ ಸತ್ತು ಇನ್ನೂರು ವರ್ಷ ಆಗ್ಲಿಕ್ಕ ಬಂತು. ನನಗ ನಾಳೆ ನೀರು ಬೇಕು" ಎಂದಳು. ಅಕ್ಕ ಸಾಯುವಾಗ ಅವಳ ತಲೆ ಇದ್ದದ್ದು ಇವಳ ತೊಡೆಯ ಮೇಲೆ.

ಬಿಸಿಲಿಳಿದ ಮೇಲೆ ಸೋನೆ ಕಲ್ಲು ಎತ್ತಿಕೊಂಡಳು. ಅವಳ ಗುರಿ ತಪ್ಪುವುದಿಲ್ಲ. ಠಣ್ ಎಂದ ಸದ್ದು ಎರಡೂ ಬೆಟ್ಟಕ್ಕೆ ಬಡಿದು ತಿರುಗಿ ಬಂತು. ಕೈ ಬಿಚ್ಚಿ "ಬರಿಗೈಲಿ ಬಂದೆ" ಎಂದಳು. ತೊರೆಯಮ್ಮ ಅವಳನ್ನು ತಬ್ಬಿಕೊಂಡಳು. ನಾನು ಏನೋ ಮರೆತವಳಂತೆ ಮಾಳಿಗೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ನನ್ನದೊಂದೇ ಕೇಳಿಕೆ. ನಿನ್ನ ಮೊದಲ ಸಸಿ ಬೀದಿಗೆ ಬಿದ್ದ ದಿನ ವೈನ್ ತರಲೆಂದು ನಿನ್ನನ್ನು ಈ ಮಾಳಿಗೆಗೆ ಕಳಿಸುತ್ತಾರೆ. ಪೀಪಾಯಿಗಳ ಹಿಂದೆ ಕೂತು ನೀನು ಅತ್ತಿದ್ದೆಯಂತೆ. ಅದೇ ಗೋಡೆಯ ಸಂದಿಯಲ್ಲಿ ಇದನ್ನು ಇಡುತ್ತೇನೆ. ತವರಿಗೆ ಹೋಗು, ತಾಯಿಯ ಕೈಯೂಟ ಉಂಡು ಬಾ. ಎರಡನೆಯ ಸಸಿಯನ್ನೂ ತೊಳೆದೇ ತಾ, ಇಲ್ಲವೇ ಬರಿಗೈಲಿ ಬಾ. ಅತ್ತೆ ಬೈಯಲಿ. ಬೈಗುಳ ನಿನ್ನ ಜೊತೆಗೇ ಸತ್ತುಹೋಗುತ್ತದೆ, ಕಂಬ ಸಾಯುವುದಿಲ್ಲ. ಕಣಿವೆಯ ಬಳ್ಳಿಯನ್ನು ಮುಂದೆ ಬರವಾದರೂ ತಿನ್ನುತ್ತಿತ್ತು, ಬಳ್ಳಿಗಾಗಿ ನಾನು ಅಳುತ್ತಿಲ್ಲ. ನಿನ್ನ ಮಗಳ ಮಗಳ ಮಗಳು ನಿನಗೆ ಕಲ್ಲು ಹೊಡೆಯುವುದನ್ನು ಇನ್ನೊಮ್ಮೆ ನನ್ನಿಂದ ನೋಡಲಾಗದು.

ನೀನು ಹಾಗೆ ಮಾಡಿದರೆ ನಿನ್ನನ್ನು ಯಾರೂ ಅಟ್ಟುವುದಿಲ್ಲ. ನಿನ್ನ ಮಗಳು ಇಲ್ಲಿಯೇ ಬೆಳೆದು ಬೇರೆ ಯಾರನ್ನೋ ಮದುವೆಯಾಗುತ್ತಾಳೆ. ಆಗ ನಾನಿಲ್ಲ, ಸೋನೆಯೂ ಇಲ್ಲ. ನನ್ನದು ಹೋಗಲಿ ಬಿಡು. ಹೊರಗೆ ಅವಳಿಗೆ ತುಂಬಿದ ಚೊಂಬು ಕೊಟ್ಟಿದ್ದಾರೆ. ಗಟಗಟ ಕುಡಿಯುವ ಸದ್ದು ಇಲ್ಲಿಯವರೆಗೆ ಕೇಳುತ್ತಿದೆ. ಅವಳು ಹುಟ್ಟಿದಾಗಿನಿಂದ ಹೀಗೆ ಕುಡಿದದ್ದನ್ನು ನಾನು ಕಂಡಿಲ್ಲ. ಇದನ್ನು ಸಂದಿಗೆ ತುರುಕಲೋ ಹರಿದುಹಾಕಲೋ ಇನ್ನೂ ತಿಳಿಯುತ್ತಿಲ್ಲ. ನಿನಗೆ ಸಿಕ್ಕಿದ್ದರೆ, ಆ ಸದ್ದು ಕೇಳುತ್ತಲೇ ಇಟ್ಟೆ ಎಂದು ತಿಳಿ.

ಇಬ್ಬನಿ