ಪೇಂಟರ್ ಮಗಳ ಅಳತೆಯ ಬಿಲ್ಲು

ಸೈಕಲ್ ಅಂಗಡಿಯ ಮೇಲಿನ ಕೋಣೆ,
ಮಾರ್ಚ್ ೯, ಭಾನುವಾರ

ಪ್ರೀತಿಯ ಮಗಳೇ,

ಅಪ್ಪನ ಆಶೀರ್ವಾದ. ಇಲ್ಲಿ ನಾನು ಚೆನ್ನಾಗಿದ್ದೇನೆ, ಅಲ್ಲಿ ನೀನು ಹೇಗಿದ್ದೀಯ ಎಂದು ಬರೆಯಲು ಹೊರಟರೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ಕೆನ್ನೆಗೆ ಹೊಲಿಗೆ ಹಾಕಿಸಿಕೊಂಡ ಹುಡುಗಿಯನ್ನು ಹೇಗಿದ್ದೀಯ ಎಂದು ಕೇಳುವುದಕ್ಕೂ ಒಂದು ಮುಖ ಬೇಕು. ನಿನ್ನ ಪತ್ರ ಬಂದು ಮೂರು ವಾರವಾಯಿತು. ಕೆಲಸ ಹೆಚ್ಚಿತ್ತು, ಅದಕ್ಕೇ ತಡವಾಯಿತು ಎನ್ನಬಹುದು. ಕೆಲಸ ಹೆಚ್ಚಿರುವುದೂ ನಿಜ. ಒಂದು ಆಸ್ಪತ್ರೆಯ ಹಾಲ್‌ಗೆ ನೆಲ ಹಾಸುತ್ತಿದ್ದೇವೆ, ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿದೆ. ಆದರೆ ತಡವಾದದ್ದು ಅದಕ್ಕಲ್ಲ. ಬರೆದೆ, ಹರಿದೆ, ಮತ್ತೆ ಬರೆದೆ, ಮತ್ತೆ ಹರಿದೆ. ಫೋನ್ ಮಾಡಬಹುದಿತ್ತಲ್ಲ ಅಪ್ಪಾ ಎನ್ನುತ್ತೀಯ. ಫೋನಿನಲ್ಲಿ ನನ್ನ ಬಾಯಿಗೆ ಸುಳ್ಳು ಬಲು ಬೇಗ ಬರುತ್ತದೆ ಕಣೇ. ಬೇಕಾದರೆ ನಿಮ್ಮಮ್ಮನನ್ನು ಕೇಳು.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. "ಅಪ್ಪಾ, ಸಾರಿ. ನೀನು ಅಷ್ಟು ಕಷ್ಟಪಟ್ಟು ಮಾಡಿದ ಬಿಲ್ಲನ್ನ ನಾನು ಮುರಿದುಹಾಕ್ಬಿಟ್ಟೆ. ಎಲ್ಲರೂ ನೋಡ್ತಿದಾರೆ ಅಂತ ಜಂಭದಲ್ಲಿ ಜಾಸ್ತಿ ಎಳೆದೆ. ನನ್ನ ಕೈಯೇ ಸರಿಯಿಲ್ಲ. ಇನ್ನು ಬಿಲ್ಲು ಮುಟ್ಟಲ್ಲ, ಡ್ರಿಲ್ ಸರ್‌ಗೂ ಹೇಳಿಬಿಟ್ಟಿದೀನಿ" ಎಂದು ಬರೆದಿದ್ದೀಯ. ಏಟು ತಿಂದವಳು ನೀನು, ಕ್ಷಮೆ ಕೇಳಿದವಳೂ ನೀನು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಯೇ ಬಂದು ಮೂತಿ ಒಡ್ಡಿ, ಒರೆಸು ಎನ್ನುತ್ತಿದೆ. ಕೋತಿ ಸುಮ್ಮನೆ ಮೂರು ವಾರ ಕೂತಿತ್ತು.

ನಿನ್ನ ಕೈ ಸರಿಯಾಗಿದೆ. ಅದೊಂದನ್ನು ಹೇಳುವುದಕ್ಕೇ ಈ ಪತ್ರ. ಆದರೆ ಬರೀ ಬಾಯಿಮಾತಿಗೆ ಹೇಳಿದರೆ ಅಪ್ಪ ಸಮಾಧಾನ ಮಾಡುತ್ತಿದ್ದಾನೆ ಎಂದುಕೊಳ್ಳುತ್ತೀಯ. ಅದಕ್ಕೇ ಆ ಬಿಲ್ಲನ್ನು ಹೇಗೆ ಮಾಡಿದೆ ಎಂದು ಮೊದಲಿನಿಂದ ಹೇಳುತ್ತೇನೆ. ಸ್ವಲ್ಪ ಸಹಿಸಿಕೋ, ಕಸುಬಿನ ಮಾತಿಗೆ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ.

ಶಾಲೆಯಲ್ಲಿ ಇರೋದು ಎರಡೇ ಬಿಲ್ಲು, ಎರಡೂ ಸೋತು ಸುಣ್ಣವಾಗಿವೆ, ನಂಗೊಂದು ಮಾಡಿಕೊಡ್ತೀಯಾ ಎಂದು ನೀನು ಜನವರಿಯಲ್ಲಿ ಕೇಳಿದೆಯಲ್ಲ, ಆವತ್ತು ನಾನು ನೆಲದ ಮೇಲೆ ನಿಲ್ಲಲಿಲ್ಲ. ನಾಲ್ಕು ವರ್ಷದಲ್ಲಿ ನೀನು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ಅದೇ ಆಗ ಒಂದು ನೃತ್ಯಶಾಲೆಗೆ ಬಿದಿರಿನ ಹಲಗೆ ಹಾಸಿ ಮುಗಿಸಿದ್ದೆವು. ಬಿದಿರನ್ನು ಪಟ್ಟಿಪಟ್ಟಿಯಾಗಿ ಸೀಳಿ, ಅಂಟು ಹಾಕಿ, ಒತ್ತಿ ಮಾಡಿದ ಹಲಗೆಗಳು. ಉಳಿದಿದ್ದ ನಾಲ್ಕನ್ನು ಕಂಟ್ರಾಕ್ಟರ್ ಹತ್ತಿರ ಕೇಳಿ ಹೊತ್ತು ತಂದೆ. ಒಂದಕ್ಕೊಂದು ಸಿಕ್ಕಿಸುವ ಅಂಚುಗಳನ್ನು ಕೊಯ್ದು ತೆಗೆದೆ, ಮೇಲಿನ ವಾರ್ನಿಷ್ ಹೆರೆದೆ, ಉದ್ದಕ್ಕೆ ಪಟ್ಟಿ ಸೀಳಿದೆ. ಒಳಗೆ ಎಲ್ಲಾದರೂ ಜೋಡಣೆ ಇದ್ದರೆ ಅಲ್ಲೇ ಮುರಿಯುತ್ತದೆ ಎಂದು ಬೆಳಕಿಗೆ ಹಿಡಿದು ಹಿಡಿದು ಆರಿಸಿದೆ. ಹೆಣ್ಣು ನೋಡಲು ಹೋದವರೂ ಅಷ್ಟು ನೋಡುವುದಿಲ್ಲ.

ಎರಡು ಪಟ್ಟಿಗೆ ಅಂಟು ಸವರಿ ಜೋಡಿಸಿ, ಅದು ಹಿಡಿಯುವ ತನಕ ಬಿಗಿಯಾಗಿ ಸುತ್ತಲು ಕೆಳಗಿನ ಸೈಕಲ್ ಅಂಗಡಿಯವರ ಹತ್ತಿರ ಹಳೇ ಟ್ಯೂಬು ಕೇಳಿದೆ.

"ಏನ್ ಮೇಸ್ತ್ರಿ, ಇಷ್ಟೊಂದು ಟ್ಯೂಬ್ ಒಯ್ತಿದೀರಲ್ಲ, ಎಲ್ಲಾದ್ರೂ ಯುದ್ಧಕ್ಕೆ ಹೊರಟ್ರಾ?" ಎಂದರು.

"ಹೂಂ, ಹೊರಟಂಗೇನೇ. ಮಗಳಿಗೊಂದು ಬಿಲ್ಲು ಮಾಡ್ತಿದೀನಿ."

"ಮಗಳಾ? ನಿಮಗೆ ಮಗಳಿದಾಳಾ?"

ಅವರ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು. ಮೂರು ವರ್ಷದಿಂದ ಅವರ ತಲೆಯ ಮೇಲೆ ಬಾಡಿಗೆಗೆ ಇದ್ದೇನೆ, ದಿನಾ ಬೆಳಿಗ್ಗೆ ಅವರ ಪೇಪರ್ ಓದಿಯೇ ಕೆಲಸಕ್ಕೆ ಹೋಗುತ್ತೇನೆ, ಅವರ ಹೆಂಡತಿಯ ಮಂಡಿನೋವಿನ ಕಥೆಯೆಲ್ಲ ನನಗೆ ಗೊತ್ತು. ನನಗೊಬ್ಬಳು ಮಗಳಿದ್ದಾಳೆ ಎಂದು ನಾನು ಹೇಳಿಯೇ ಇರಲಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ, ಯಾವಾಗ ನೋಡಿಕೊಂಡು ಬಂದ್ರಿ ಎನ್ನುವುದು. ಟ್ಯೂಬು ತೆಗೆದುಕೊಂಡು ಮೆಟ್ಟಿಲು ಹತ್ತುವಾಗ ಕಿವಿ ಬಿಸಿಯಾಗಿತ್ತು.

ಇನ್ನು ಕೇಳು, ಮುಖ್ಯವಾದ ಕೆಲಸ ಮುಂದಿನದು. ಅಂಟು ಒಣಗಿ, ಎರಡು ತುದಿಗೂ ಸಣ್ಣಗೆ ಇಳಿಸಿದ ಮೇಲೆ ಬಿಲ್ಲನ್ನು ಪಳಗಿಸಬೇಕು. ಗೋಡೆಗೆ ಒಂದು ಮರದ ಕಂಬ ನಿಲ್ಲಿಸಿ, ಅದರ ತಲೆಯ ಮೇಲೆ ಬಿಲ್ಲಿನ ಹಿಡಿ ಕೂರಿಸಿ, ಹೆದೆಯನ್ನು ಇಂಚಿಂಚೇ ಕೆಳಕ್ಕೆ ಎಳೆದು ನೋಡುತ್ತಾ ಹೋಗಬೇಕು. ಎರಡು ಕಡೆಯೂ ಒಂದೇ ಸಮ ಬಾಗಬೇಕು. ಒಂದು ಕಡೆ ಬಿಗಿ ಅನ್ನಿಸಿದರೆ ಆ ಕಡೆ ಗಾಜಿನ ಚೂರಿನಿಂದ ಒಂದಿಷ್ಟು ಹೆರೆದು ಮತ್ತೆ ಎಳೆಯಬೇಕು. ಆತುರ ಪಟ್ಟೆಯೋ, ಕೆಟ್ಟೆ. ಎಲ್ಲಿಯ ತನಕ ಎಳೆದು ಪಳಗಿಸಿರುತ್ತೇವೋ ಅಲ್ಲಿಯ ತನಕ ಮಾತ್ರ ಆ ಬಿಲ್ಲು ಬಾಗುತ್ತದೆ. ಅದರಾಚೆಗೆ ಎಳೆದರೆ ಯಾರ ಕೈಯಲ್ಲಾದರೂ ಮುರಿಯುತ್ತದೆ, ದೊಡ್ಡ ಶೂರನ ಕೈಯಲ್ಲೂ. ಹಾಗಾಗಿ ಬಿಲ್ಲು ಮಾಡುವವನಿಗೆ ಮೊದಲು ಬೇಕಾದದ್ದು ಎಳೆಯುವವರ ತೋಳಿನ ಅಳತೆ.

ನನ್ನ ಹತ್ತಿರ ನಿನ್ನ ಅಳತೆ ಇರಲಿಲ್ಲ.

ಕೇಳಿದ್ದರೆ ನಿಮ್ಮಮ್ಮ ನಿನ್ನನ್ನು ಗೋಡೆಗೆ ನಿಲ್ಲಿಸಿ ಒಂದು ನಿಮಿಷದಲ್ಲಿ ಟೇಪು ಹಿಡಿದು ಹೇಳುತ್ತಿದ್ದಳು. ಫೋನ್ ಕೈಗೆ ತೆಗೆದುಕೊಂಡೆ ಕೂಡ. ಕೇಳಿದರೆ ಮಗಳು ಎಷ್ಟುದ್ದ ಇದ್ದಾಳೆಂದು ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ, ಅದಕ್ಕೆ ಕೆಳಗಿಟ್ಟೆ. ಅಳೆದೂ ಸುರಿದೂ ಕೊನೆಗೆ ನಮ್ಮ ಜೊತೆ ಕೆಲಸ ಮಾಡುವ ಪೇಂಟರ್ ಹತ್ತಿರ ವಿಷಯ ತೆಗೆದೆ.

"ನಿಮ್ಮ ಮಗಳು ಎಷ್ಟನೇ ಕ್ಲಾಸು ಮೇಸ್ತ್ರೀ?" ಎಂದ.

"ಆರನೇದು" ಎಂದೆ, ಒಂದು ಚೂರೂ ತಡವರಿಸದೆ.

"ಅಯ್ಯೋ, ನಮ್ಮವಳೂ ಆರನೇದೇ! ಭಾನುವಾರ ಕರ್ಕೊಂಡು ಬರ್ತೀನಿ, ಅವಳ ಕೈಯಲ್ಲೇ ನೋಡ್ಕೊಳ್ಳಿ. ಅದಕ್ಕೇನಂತೆ!"

ಆ ಹುಡುಗಿ ಬಂದಳು. ಬಲು ಚೂಟಿ. ನನ್ನ ಡಬ್ಬಿಯಲ್ಲಿದ್ದ ಬಿಸ್ಕತ್ತನ್ನೆಲ್ಲ ಮುಗಿಸಿ, ಎರಡು ಕೈ ಚಾಚಿ ನಿಂತು, "ಇದು ನಂಗೇ ತಾನೇ?" ಎಂದಳು. ಅಲ್ಲಮ್ಮ, ನನ್ನ ಮಗಳಿಗೆ ಎಂದೆ. ಅವಳ ತೋಳಿಗೆ ಟೇಪು ಹಿಡಿದೆ. ಅದೇ ಅಳತೆಗೆ ಗೆರೆ ಹಾಕಿ, ಅಲ್ಲಿಯ ತನಕ ಬಿಲ್ಲನ್ನು ಪಳಗಿಸಿದೆ. ನಿನ್ನ ಬಿಲ್ಲಿಗೆ ನಿನ್ನ ಬಗ್ಗೆ ಏನೂ ಗೊತ್ತಿರಲಿಲ್ಲ ಮಗಳೇ. ಅದಕ್ಕೆ ಗೊತ್ತಿದ್ದದ್ದು ಪೇಂಟರ್ ಮಗಳು. ಇಷ್ಟೆಲ್ಲ ಆದಮೇಲೆ ಕಳಿಸಿದ್ದೂ ತಡ. ನಿಮ್ಮ ಶಾಲೆಯ ಆಟದ ದಿನದ ಹಿಂದಿನ ಸಂಜೆ ಲಾರಿಯವನು ನಿಮ್ಮ ಮನೆಗೆ ತಲುಪಿಸಿದ. ಮೊದಲೇ ಎಳೆದು ನೋಡಲು ನಿನಗೆ ಹೊತ್ತೆಲ್ಲಿತ್ತು?

ಮುರಿದ ದಿನ ಸಂಜೆ ನಿಮ್ಮಮ್ಮ ಫೋನ್ ಮಾಡಿದ್ದಳು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಒಂದು ಬೆರಳಿನಷ್ಟರಲ್ಲಿ ಕಣ್ಣು ತಪ್ಪಿತು ರೀ. ಅವಳು ನನ್ನ ಭುಜ ದಾಟಿ ಬೆಳೆದಿದಾಳೆ. ಎಂಟನೇ ಕ್ಲಾಸಿನ ಹುಡುಗಿಗೆ ನೀವು ಯಾರ ಬಿಲ್ಲು ಕಳಿಸಿದ್ರಿ?" ಎಂದಳು. ನಾನೇನು ಹೇಳಿದೆ ಗೊತ್ತೇ? ಹಲಗೆ ಕಳಪೆ ಇತ್ತು ಅನ್ಸತ್ತೆ, ಈಗ ಬರ್ತಿರೋ ಬಿದಿರೇ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ಹಾಸುವುದೇ ಕಸುಬಾಗಿರುವ ನನ್ನ ಬಾಯಲ್ಲಿ ಅಂಥ ಮಾತು ಬಂತು. ಅವಳು "ಸರಿ, ಇಡ್ತೀನಿ" ಎಂದಳು. ಹಲಗೆಯಲ್ಲಿ ಒಂದು ಸಾಸಿವೆಯಷ್ಟೂ ದೋಷವಿರಲಿಲ್ಲ.

ನಾಲ್ಕು ವರ್ಷ ಯಾಕೆ ಬರಲಿಲ್ಲ ಎಂದು ನೀನು ಒಂದು ಪತ್ರದಲ್ಲೂ ಕೇಳಿಲ್ಲ. ನಾನೇ ಹೇಳುತ್ತೇನೆ. ನಾವು ಬೇರೆಯಾದಾಗ ನಿಮ್ಮಮ್ಮ, ತಿಂಗಳಿಗೊಂದು ಭಾನುವಾರ ಬಂದು ಮಗಳನ್ನ ನೋಡ್ಕೊಂಡು ಹೋಗಿ, ಬಾಗಿಲು ತೆಗೆದೇ ಇರತ್ತೆ ಎಂದಿದ್ದಳು. ಮೊದಲ ತಿಂಗಳು ಕೆಲಸ ಮುಗಿಯಲಿಲ್ಲ. ಎರಡನೇ ತಿಂಗಳು ಹೊರಟೆ; ಹೋದ ತಿಂಗಳು ಯಾಕೆ ಬರಲಿಲ್ಲ ಎಂದರೆ ಏನು ಹೇಳಲಿ ಎಂದು ಬಸ್ ನಿಲ್ದಾಣದಿಂದ ವಾಪಸು ಬಂದೆ. ಆಮೇಲಿನ ತಿಂಗಳಿಗೆ ಅದಕ್ಕಿಂತ ಹೆಚ್ಚು ನಾಚಿಕೆ. ಹೀಗೇ ಆಯಿತು. ನಿನ್ನ ಮೇಲೆ ಪ್ರೀತಿ ಇಲ್ಲದ್ದಕ್ಕಲ್ಲ ಎಂದು ಬರೆಯಬೇಕು ಅನ್ನಿಸುತ್ತದೆ, ಆದರೆ ಬಾಗಿಲಿಗೇ ಬಾರದವನ ಪ್ರೀತಿಯನ್ನು ಇಟ್ಟುಕೊಂಡು ನೀನು ಏನು ಮಾಡುತ್ತೀಯ.

ಆದ್ದರಿಂದ, ಮಗಳೇ, ಡ್ರಿಲ್ ಮೇಷ್ಟ್ರ ಹತ್ತಿರ ಹೋಗಿ, ನನ್ನ ಕೈಯಲ್ಲಿ ತಪ್ಪಿರಲಿಲ್ಲ, ನಮ್ಮಪ್ಪನ ಅಳತೆ ತಪ್ಪಿದ್ದು ಎಂದು ಹೇಳು. ನಾಚಿಕೊಳ್ಳಬೇಡ, ನಾಚಿಕೆಯೆಲ್ಲ ನನ್ನ ಪಾಲಿಗಿರಲಿ. ಈ ಪತ್ರವನ್ನೇ ಬೇಕಾದರೆ ತೋರಿಸು. ಶಾಲೆಯ ಆ ಸೋತ ಬಿಲ್ಲನ್ನಾದರೂ ಹಿಡಿ, ಆದರೆ ಬಿಡಬೇಡ. ಇನ್ನೊಂದು ಬಿಲ್ಲು ಮಾಡಿಕೊಡುತ್ತೇನೆ ಎಂದು ಹೇಳಲು ನಾಲಿಗೆ ತುದಿಗೆ ಬರುತ್ತಿದೆ, ತಡೆದುಕೊಂಡಿದ್ದೇನೆ. ಅದನ್ನು ಕೇಳುವುದೂ ಬಿಡುವುದೂ ನಿನಗೆ ಸೇರಿದ್ದು.

ಗಾಯ ಒಣಗುವಾಗ ತುರಿಸುತ್ತದೆ, ಉಗುರು ಹಾಕಬೇಡ. ನಿಮ್ಮಮ್ಮನಿಗೆ, ಹಲಗೆಯ ಮಾತು ಸುಳ್ಳು ಎಂದು ನಾನು ಒಪ್ಪಿಕೊಂಡೆ ಎಂದು ಹೇಳು. ಚೆನ್ನಾಗಿ ಓದು, ಹೊಟ್ಟೆ ತುಂಬ ಉಣ್ಣು, ಇನ್ನೂ ಎತ್ತರ ಬೆಳಿ. ನೂರು ಕಾಲ ಬಾಳು ನನ್ನ ತಾಯಿ.

ನಿನ್ನ
ಅಪ್ಪ

ತಾ.ಕ.: ಸಹಿ ಹಾಕಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಅಷ್ಟೇ ಅಲ್ಲ.

ಆಟದ ದಿನ ಬರೋಕಾಗಲ್ಲ, ಕೆಲಸ ಇದೆ ಎಂದು ನಿನಗೆ ಹೇಳಿದ್ದೆನಲ್ಲ. ಮನಸ್ಸು ತಡೆಯದೆ ಬೆಳಗಿನ ಬಸ್ಸು ಹತ್ತಿ ಬಂದಿದ್ದೆ. ಮೈದಾನದ ಅಂಚಿನಲ್ಲಿ ಹಗ್ಗ ಕಟ್ಟಿದ್ದರಲ್ಲ, ಅಲ್ಲಿ ನಿಂತು ಚಿಕ್ಕ ಹುಡುಗಿಯರ ಸಾಲಿನಲ್ಲಿ ನಿನ್ನನ್ನು ಹುಡುಕುತ್ತಿದ್ದೆ. ಹಿಂದಿನಿಂದ ಉದ್ದನೆಯ ಹುಡುಗಿಯೊಬ್ಬಳು ಬಂದು, "ಅಂಕಲ್, ಸ್ವಲ್ಪ ಈ ಕಡೆ ಬರ್ತೀರಾ? ಅಲ್ಲಿ ಬಾಣ ಬೀಳತ್ತೆ" ಎಂದಳು. ಆಯ್ತಮ್ಮ ಎಂದು ಸರಿದು ನಿಂತೆ. ಅವಳು ನನ್ನನ್ನು ದಾಟಿ ಹೋದ ಮೇಲೆ ಅವಳ ಕೈಯಲ್ಲಿದ್ದ ಬಿಲ್ಲು ಕಂಡಿತು. ನನಗೆ ಗುರುತು ಸಿಕ್ಕಿದ್ದು ಬಿಲ್ಲಿನದು ಕಣೇ, ನಿನ್ನದಲ್ಲ.

ನೀನು ಬಾಣ ಹೂಡಿ ಎಳೆದೆ. ಎಷ್ಟು ಚೆನ್ನಾಗಿ ಎಳೆದೆ, ಭುಜ ಅಲ್ಲಾಡಲಿಲ್ಲ. ಹೆದೆ ಎಲ್ಲಿಗೆ ಬಂದರೆ ನಿಲ್ಲಿಸಬೇಕು ಎಂದು ಆ ಇಡೀ ಮೈದಾನದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅದು ಅಲ್ಲಿಗೆ ಬಂತು, ದಾಟಿತು, ನೀನು ಇನ್ನೂ ಎಳೆಯುತ್ತಿದ್ದೆ. ನಿಲ್ಲಿಸು ಎಂದು ಕೂಗಲು ಬಾಯಿ ತೆರೆದೆ. ಕೂಗಿದರೆ ನೀನು ತಿರುಗಿ ನೋಡುತ್ತೀಯ, ಎಲ್ಲರ ಮುಂದೆ ಯಾರು ನೀವು ಎಂದು ಕೇಳುತ್ತೀಯ ಎಂದು ಹೆದರಿ ಬಾಯಿ ಮುಚ್ಚಿಕೊಂಡೆ. ಮುರಿದ ಸದ್ದಿಗೆ ಎಲ್ಲರೂ ನಿನ್ನ ಕಡೆ ಓಡಿದರು. ನಾನು ಗೇಟು ದಾಟಿ ಬಸ್ಸು ಹತ್ತಿದೆ.