ತೊಡೆ ಮೇಲೆ ಕೂರೋ ಬ್ಯಾಗು

21 ಸೆಪ್ಟೆಂಬರ್, ಭಾನುವಾರ

ದಸರಾ ರಜ. ಸ್ಕೂಲಿನ ಅಡಿಗೆಮನೆಗೆ ಬೀಗ ಬಿತ್ತು. ಬಿಸಿಯೂಟದ ಬಿಳಿ ಏಪ್ರನ್ ಎರಡು, ಟೋಪಿ ಎರಡು ಮನೆಗೆ ತಂದು ನೀಲಿ ಹಾಕಿ ಒಗ್ದೆ. ಸಾಂಬಾರ್ ಕಲೆ ಹೋಗ್ಲಿಲ್ಲ.

ಮಧ್ಯಾಹ್ನ ನಾಗೇಂದ್ರ ಮೇಷ್ಟ್ರು ಬಂದಿದ್ರು. ನಾಗಪುರದ ಬಸ್ಸು ಮೂವತ್ತನೇ ತಾರೀಕು, ಬೆಳಿಗ್ಗೆ ಐದಕ್ಕೆ, ಟಿ. ನರಸೀಪುರದಿಂದ. ನಮ್ಮ ದೇವನೂರಿಂದ ಏಳು ಜನ. ದೀಕ್ಷಾಭೂಮೀಲಿ, ಅದೇ ಬೌದ್ಧ ದೀಕ್ಷೆ ನಡೆದ ಜಾಗದಲ್ಲಿ, ನಮ್ಮ ಹೆಂಗಸ್ರೆಲ್ಲ ಬಿಳಿ ಸೀರೆ ಉಡ್ಬೇಕು. ಒಬ್ರಿಗೆ ಒಂದೇ ಬ್ಯಾಗು, ತೊಡೆ ಮೇಲೆ ಕೂರೋವಂಥದ್ದು. ಬಸ್ಸಿನ ಮೇಲೆ ಅಕ್ಕಿ, ಪಾತ್ರೆ ಇರ್ತವಂತೆ.

ಹೂಂ ಅಂದ್ಬುಟ್ಟೆ. ಅವ್ರು ಹೋದ್ಮೇಲೆ ಕ್ಯಾಲೆಂಡರಲ್ಲಿ ದಿನ ಎಣಿಸ್ದೆ.

23, ಮಂಗಳವಾರ

ಅವ್ವನ ಬಿಳಿ ಸೀರೆ ಪೆಟ್ಟಿಗೆಯಿಂದ ತೆಗೆದೆ. ನಾಗಪುರಕ್ಕೆ ಅಂತಲೇ ತಗೊಂಡಿದ್ದು. ಆ ವರ್ಷ ಕಾಲು ಊದ್ಕೊಂಡು ಹೋಗ್ಲಿಲ್ಲ. ಮಾರನೇ ವರ್ಷ ಅವ್ವನೇ ಇಲ್ಲ. ಮಡಿಕೆ ಕೂಡ ಬಿಚ್ಚಿಲ್ಲ.

ನಾನು ಉಟ್ಕೊಂಡು ಹೋಗ್ಬೇಕು. ಸರಿ. ಆದ್ರೆ ಮುಟ್ಟು ಈಗ ಲೆಕ್ಕಕ್ಕೆ ಸಿಕ್ಕಲ್ಲ. ಹದಿನೈದು ದಿನಕ್ಕೇ ಬರುತ್ತೆ, ಇಲ್ಲಾಂದ್ರೆ ಎರಡು ತಿಂಗ್ಳು ಇಲ್ಲ. ಬಂದ್ರೆ ನಲ್ಲಿ ತಿರುಗಿಸ್ದಂಗೆ. ಡಾಕ್ಟರಮ್ಮ ನಿಲ್ಲೋ ವಯಸ್ಸು ಅಂದ್ರು. ಯಾವತ್ತು ನಿಲ್ಲುತ್ತೆ ಅಂತ ಹೇಳ್ಲಿಲ್ಲ.

ಅಷ್ಟು ಜನದ ಮಧ್ಯೆ, ಅವ್ವನ ಸೀರೆ ಮೇಲೆ, ಹಿಂದ್ಗಡೆ... ಬರೆಯಕ್ಕೂ ಆಗ್ತಿಲ್ಲ.

ಬರಲ್ಲ ಅಂದ್ಬುಡ್ಲಾ?

26, ಶುಕ್ರವಾರ

ಬ್ಯಾಗು ತುಂಬ್ದೆ. ಜಿಪ್ಪು ಹತ್ಲಿಲ್ಲ. ಮಗಳು ಕವನ ಎಲ್ಲಾ ಮಂಚದ ಮೇಲೆ ಸುರಿದ್ಲು. ಸೀರೆ ನಾಕು, ಒಳಲಂಗ ಐದು, ಪ್ಯಾಡು ಮೂರು ಪ್ಯಾಕೆಟ್ಟು, ಹಳೇ ಪಂಚೆ ಹರಿದ ತುಂಡು, ಸೀಟಿನ ಮೇಲೆ ಹಾಕ್ಕೊಳ್ಳಕ್ಕೆ ರಬ್ಬರ್ ಶೀಟು, ದಾರ, ಟಾರ್ಚು, ಚಟ್ನಿಪುಡಿ, ಸೋಪಿನ ಪುಡಿ.

ಮೈಮೇಲೊಂದು, ಬ್ಯಾಗಲ್ಲೊಂದು, ಬಿಳೀದೊಂದು ಸಾಕು ಅಂದ್ಲು. ಸುರುಳಿ ಸುತ್ತೋದು ಮೊಬೈಲಲ್ಲಿ ತೋರಿಸಿದ್ಲು. ಪ್ಯಾಡು ಮಾತ್ರ ಒಂದೂ ತೆಗೀಲಿಲ್ಲ. ಯಾಕೆ ಅಂತಾನೂ ಕೇಳ್ಲಿಲ್ಲ.

ಅಷ್ಟೊತ್ತಿಗೆ ಜವರಮ್ಮ ಬಂದ್ಲು, ಸ್ಕೂಲಲ್ಲಿ ನನ್ನ ಜೊತೆ ಅಡಿಗೆ ಮಾಡೋಳು. ಅವ್ಳೂ ಬರ್ತಾಳೆ. ಮಂಚ ನೋಡಿ, "ಏನಮ್ಮಿ ಮುದ್ದಿ, ನಾಗಪುರಕ್ಕೆ ಸೊಸೆಯಾಗಿ ಹೊಂಟಿದ್ದೀಯಾ?" ಅಂದ್ಲು. ಅವ್ಳದ್ದು ಒಂದು ಬಟ್ಟೆ ಚೀಲ ಅಷ್ಟೆಯಂತೆ.

ಆವಾಗ ಹೊಳೀತು. ಅಲ್ಲಿ ಬಸ್ಸಲ್ಲಿ ಕೂತು ಎಲ್ಲಾರ ಬ್ಯಾಗು ನಾನು ಕಾಯ್ತೀನಿ ಅಂದೆ. ಯಾವಾಗ್ಲೂ ನಾನೇ ತಾನೆ. ನಂಜನಗೂಡಲ್ಲಿ ಹೊಳೆಗೆ ಇಳ್ದಾಗ ದಡದಲ್ಲಿ ಬಟ್ಟೆ ಕಾಯೋಳೂ ನಾನೇ. ಜವರಮ್ಮ ಮಂಚದ ಮೇಲಿದ್ದ ಪ್ಯಾಕೆಟ್ಟನ್ನೂ ನನ್ನನ್ನೂ ನೋಡಿದ್ಲು ಅಷ್ಟೆ.

29, ಸೋಮವಾರ, ಸಂಜೆ

ನರಸೀಪುರದಲ್ಲಿ ಅಕ್ಕನ ಮನೆ. ಬೆಳಿಗ್ಗೆ ಮನೇಲಿ, ಇಸ್ತ್ರಿ ಮಾಡ್ಸಿದ ಸೀರೆ ಜವಳಿ ಅಂಗಡಿ ಕವರಿಗೆ ಹಾಕ್ದೆ. ಏಪ್ರನ್ನೂ ಇಸ್ತ್ರಿಯಾಗಿದ್ವು, ಧೂಳು ಕೂರ್ಬಾರ್ದು ಅಂತ ಅವನ್ನೂ ಅಂಥದ್ದೇ ಇನ್ನೊಂದು ಕವರಲ್ಲಿಟ್ಟೆ. ಬ್ಯಾಗು ಮೂರು ಸಲ ಬಿಚ್ಚಿ ಕಟ್ಟಿದ್ದಾಯ್ತು. ನಂಜನಗೂಡಿಂದ ಬರೋ ಬಸ್ಸಲ್ಲಿ ಎರಡು ಸಲ ಜಿಪ್ಪು ತೆಗ್ದು ಕವರು ಮುಟ್ಟಿ ನೋಡ್ದೆ. ಮೆತ್ತಗಿತ್ತು. ಆಧಾರ್ ಕಾರ್ಡು ಇದೆ.

ಸೊಂಟ ಹಿಡ್ಕೊಂಡಂಗೆ. ಬರೋ ಗುರುತಾ, ಬಸ್ಸಿನ ಕುಲುಕಾಟವಾ...

1 ಅಕ್ಟೋಬರ್, ಬುಧವಾರ, ಸಂಜೆ 6

ನಾಗಪುರ. ಯಾವುದೋ ಶಾಲೆಯ ಹಾಲಲ್ಲಿ ಇಳ್ಸಿದಾರೆ. ದಾರೀಲಿ ಏನೂ ಆಗ್ಲಿಲ್ಲ. ರಬ್ಬರ್ ಶೀಟು ಕವನನ ಕಣ್ತಪ್ಪಿಸಿ ತಂದಿದ್ದೆ, ಅದ್ರ ಮೇಲೇ ಕೂತಿದ್ದೆ.

ಈಗ ಕವರು ಬಿಚ್ಚಿದೆ. ಏಪ್ರನ್ ಎರಡು. ಟೋಪಿ ಎರಡು.

ಅವ್ವನ ಸೀರೆ ಮನೇಲಿ, ಗೂಟದಲ್ಲಿ ನೇತಾಡ್ತಿರೋ ಇನ್ನೊಂದು ಕವರಲ್ಲಿ.

ಅಳು ಬಂತು. ಜವರಮ್ಮ ಟೋಪಿ ತಗೊಂಡು ತಲೆಗೆ ಹಾಕ್ಕೊಂಡ್ಲು. ಇಲ್ಲೂ ಸಾಂಬಾರ್ ಕಾಯಿಸಾದಾ ಅಂದ್ಲು. ಎಲ್ಲಾ ನಕ್ರು. ನಾನೂ ನಕ್ಕೆ, ಅಳ್ತಾನೇ.

ಒಂದು ಕಡೆ ನಿರಾಳನೂ ಆಯ್ತು. ಬಿಳೀದಿಲ್ಲ, ಹೋಗಂಗಿಲ್ಲ. ಬ್ಯಾಗು ಕಾಯೋದೇ.

2, ಗುರುವಾರ, ಸಂಜೆ

ಬರ್ದೇ ಮಲಗ್ಬೇಕು.

ಬೆಳಿಗ್ಗೆ ಎಲ್ಲಾ ಬಿಳಿ ಉಟ್ಟು ದೀಕ್ಷಾಭೂಮಿ ಹತ್ರ ಬಸ್ಸಿಳಿದ್ರು. ನಾನು ಕೆಂಗಂದು ಸೀರೇಲಿ ಸೀಟಲ್ಲೇ ಕೂತಿದ್ದೆ. ಜವರಮ್ಮ ಹತ್ತಿ ಬಂದು ತೊಡೆ ಮೇಲಿದ್ದ ಬ್ಯಾಗು ಕಿತ್ಕೊಂಡು ಡ್ರೈವರ್ ಹಿಂದಿನ ಸೀಟಿಗೆ ಹಾಕಿದ್ಲು.

"ಬ್ಯಾಗ್ ಕಾಯಕ್ಕೆ ಡ್ರೈವರ್ ಅವ್ನೆ. ನಿಮ್ಮವ್ವ ಸೀರೆ ತಗೊಂಡಿದ್ದು ಪೆಟ್ಟಿಗೇಲಿ ಮಡಗಕ್ಕಲ್ಲ ಕಣಮ್ಮಿ, ಇಲ್ಲಿಗೆ ಬರಕ್ಕೆ. ಯಾವ್ ಬಣ್ಣದ್ದು ಉಟ್ರೂ ಒಳಕ್ಕೆ ಬುಡ್ತಾರೆ. ಏಳು."

ಎದ್ದೆ. ಸೊಂಟಕ್ಕೆ ಎರಡು ಪ್ಯಾಡು ಸಿಕ್ಕಿಸ್ಕೊಂಡೆ ಅಷ್ಟೆ.

ಸಾಲು ಎಲ್ಲಿಂದ ಎಲ್ಲಿಗೋ. ಎರಡು ಗಂಟೆ ಆಗಿರ್ಬೇಕು, ನಿಂತಂಗೇ ಬಂತು. ನಲ್ಲಿ ತಿರುಗಿಸ್ದಂಗೇ. ಜವರಮ್ಮನ ಕಿವೀಲಿ ಹೇಳ್ದೆ. ಅವ್ಳು ನನ್ನ ಹಿಂದೆ ಬಂದು ನಿಂತ್ಲು, ಅಷ್ಟೆ. ಸೆರಗು ಸುತ್ತಿ ಸಿಕ್ಕಿಸ್ದೆ. ಕೆಂಗಂದು ಸೀರೆ, ಯಾರಿಗೆ ಕಾಣುತ್ತೆ. ಅಲ್ಲಿ ಒಂದು ಕಡೆ ತಗಡು ಮರೆ ಮಾಡಿದ್ರು, ಹೋಗಿ ಬದ್ಲಾಯಿಸ್ಕೊಂಡು ಬಂದೆ. ಜವರಮ್ಮ ಜಾಗ ಹಿಡ್ಕೊಂಡಿದ್ಲು.

ಸ್ತೂಪದ ಒಳಗೆ ತಣ್ಣಗಿತ್ತು. ಎಲ್ಲಾ ಕೈ ಮುಗಿದ್ರು. ಬ್ಯಾಗಿಲ್ದೆ ಕೈ ಏನು ಮಾಡ್ಬೇಕು ಅಂತ ಒಂದು ಗಳಿಗೆ ನಂಗೆ ತಿಳೀಲಿಲ್ಲ. ಆಮೇಲೆ ಮುಗ್ದೆ. ಅವ್ವಾ, ಬಂದಿದೀನಿ ಅಂದೆ.

5, ಭಾನುವಾರ

ಮನೆ. ಬಟ್ಟೆ ಎಲ್ಲಾ ಒಗ್ದಾಯ್ತು. ಏಪ್ರನ್ನೂ ಮತ್ತೆ ಒಗ್ದೆ, ನಾಗಪುರ ನೋಡ್ಕೊಂಡು ಬಂದವಲ್ಲ.

ಗೂಟದಲ್ಲಿ ಕವರು ಹಂಗೇ ಇತ್ತು. ಪೆಟ್ಟಿಗೆಗೆ ಹಾಕಕ್ಕೆ ಹೋದೆ. ಹಾಕ್ಲಿಲ್ಲ. ಬಾಗಿಲು ಹಾಕ್ಕೊಂಡು ಉಟ್ಟೆ. ಇವತ್ತು ನಾಕನೇ ದಿನ, ಇನ್ನೂ ನಿಂತಿಲ್ಲ. ಕಲೆ ಆದ್ರೆ ಒಗೆಯೋದು. ಸೋಪಿನ ಪುಡಿ ಹಂಗೇ ವಾಪಸ್ ಬಂದಿದೆ.

ಉದ್ದ ಜಾಸ್ತಿ. ಅವ್ವ ನನಗಿಂತ ಎತ್ತರ. ಕನ್ನಡೀಲಿ ಹಿಂದ್ಗಡೆ ತಿರುಗಿ ನೋಡ್ಲಾ ಅನ್ನೋಷ್ಟ್ರಲ್ಲಿ ಕವನ ಬಾಗಿಲು ತಟ್ಟಿದ್ಲು. ತೆಗೆದ್ರೆ ಮೊಬೈಲ್ ಹಿಡ್ಕೊಂಡು ನಿಂತವ್ಳೆ. ಫೋಟೋ ತೆಗೀತೀನಿ, ಬೆಳಕಿಗೆ ಬಾ ಅವ್ವ, ಜಗಲಿಗೆ ಬಾ ಅಂತವ್ಳೆ. ಜಗಲೀಲಿ ಜನ ಇದಾರೆ. ಇರ್ಲಿ, ಹೋಗಿ ಒಂದು—