ದಕ್ಷಿಣದ ಹುಲ್ಲುಗಾವಲಿನಲ್ಲಿ ಲೋಹ ಹುಡುಕಲು ನೀವು ಕೊಡದ ಅನುಮತಿ

ಆಲ್ಡರ್‌ಬಿ ಪುರಸಭೆಯ ಮಾನ್ಯ ಯೋಜನಾ ಮುಖ್ಯಾಧಿಕಾರಿಗಳೇ,

ನಮ್ಮೂರಿನ ಹಳೆಯ ಹುಚ್ಚಾಸ್ಪತ್ರೆಯ ಆವರಣದಲ್ಲಿ ಹೊಸ ಮನೆಗಳ ಕಾಮಗಾರಿ ನಡೆಯುತ್ತಿದೆ. ಅದರ ದಕ್ಷಿಣದ ಹುಲ್ಲುಗಾವಲಿನಲ್ಲಿ, ಬುಲ್ಡೋಜರ್ ಇಳಿಯುವ ಮುನ್ನ, ಒಂದೇ ಒಂದು ಶನಿವಾರ ಮೆಟಲ್ ಡಿಟೆಕ್ಟರ್ ಹಿಡಿದು ನಡೆದಾಡಲು ನಾನು ನಿಮ್ಮ ಅನುಮತಿ ಕೇಳಿದೆ. ನೀವು ಕೊಡಲಿಲ್ಲ. ಆ ನೆಲದಲ್ಲಿ ನನ್ನ ದೊಡ್ಡಮ್ಮ ಮಲಗಿದ್ದಾಳೆ. ಅವಳ ಗೋರಿಯ ಗುರುತಾಗಿದ್ದ ಕಬ್ಬಿಣದ ಗೂಟ ಈಗ ನಿಮ್ಮ ಮಣ್ಣಿನ ಗುಡ್ಡೆಯೊಳಗೆ ಎಲ್ಲೋ ಸೇರಿಹೋಗಿದೆ. ಆ ಗುಡ್ಡೆಯನ್ನು ಈ ಶನಿವಾರ ಲಾರಿಗಳಿಗೆ ತುಂಬಿ, ಜನರ ಹೂದೋಟಗಳಿಗೆ ಒಳ್ಳೆಯ ಮಣ್ಣೆಂದು ಸಾಗಿಸುವುದಕ್ಕೆ ಮಾತ್ರ ನೀವು ಧಾರಾಳವಾಗಿ ಅನುಮತಿ ಕೊಟ್ಟಿದ್ದೀರಿ. ನನ್ನ ದೂರು ಇಷ್ಟೇ. ಇಷ್ಟನ್ನೇ ಬರೆದು ನಿಮ್ಮ ಕಚೇರಿಗೆ ಕಳಿಸಿದ್ದರೆ ಅದು ಇನ್ನೊಂದು ವಿಭಾಗಕ್ಕೆ ಹೋಗಿ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ಕೊನೆಗೆ ನಿಮ್ಮಷ್ಟೇ ಸುಖವಾಗಿ ನಿದ್ರಿಸುತ್ತಿತ್ತು. ಅದಕ್ಕೇ ಊರೆಲ್ಲ ಓದಲಿ ಎಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಯಾರೆಂದು ನಿಮಗೆ ಚೆನ್ನಾಗಿ ಗೊತ್ತು. ಊರಿನವರಿಗಾಗಿ ಹೇಳುತ್ತೇನೆ. ಈ ಊರಿನ ಅರ್ಧ ಜನಕ್ಕೆ ಶಾಲೆಯಲ್ಲಿ ಮಧ್ಯಾಹ್ನದ ಊಟ ಬಡಿಸಿದವಳು ನಾನು. ಕೆಲಸ ಬಿಟ್ಟ ಮೇಲೆ ನಮ್ಮ ಬೀದಿಯ ನಿವೃತ್ತ ಅಂಚೆಯವ ನೆವಿಲ್ ಟಫ್ನೆಲ್ ನನಗೆ ಲೋಹ ಹುಡುಕುವ ಹವ್ಯಾಸ ಹಚ್ಚಿದ. ರೈತರ ಅನುಮತಿ ಪಡೆದು, ಕೊಯ್ಲಾದ ಹೊಲಗಳಲ್ಲಿ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕೆಸರು ತುಳಿಯುವ ಹತ್ತಾರು ಮುದುಕ ಮುದುಕಿಯರ ಸಂಘ ನಮ್ಮದು. ನಮಗೆ ಸಿಕ್ಕಿರುವ ಮಹಾನಿಧಿಯೆಂದರೆ ಟ್ರ್ಯಾಕ್ಟರಿನ ಬೋಲ್ಟು, ಬಿಯರ್ ಬಾಟಲಿಯ ಮುಚ್ಚಳ, ಯಾರದೋ ಕೋಟಿನ ಗುಂಡಿ. ಒಮ್ಮೆ ನೆವಿಲ್‌ಗೆ ಹಳೇ ಕಾಲದ ಬೂಟಿನ ಬಕಲ್ ಸಿಕ್ಕಿತ್ತು. ಅದನ್ನೂ ಅವನು ಜಿಲ್ಲಾ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿ, ಅವರು ಬೇಡವೆಂದು ಹಿಂದಿರುಗಿಸಿದಾಗ ಒಂದು ವಾರ ಮುಖ ಬಾಡಿಸಿಕೊಂಡಿದ್ದ. ನಿಮ್ಮ ಉತ್ತರದಲ್ಲಿ ನೀವು ನಮ್ಮನ್ನು ಕರೆದದ್ದು "ನಿಧಿಯಾಸೆಯ ಹವ್ಯಾಸಿಗಳು" ಎಂದು. ಬಾಟಲಿಯ ಮುಚ್ಚಳಗಳ ಮೇಲೆ ಇಷ್ಟು ಗೌರವವಿರುವ ಅಧಿಕಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ನನ್ನ ದೊಡ್ಡಮ್ಮನ ವಿಷಯ. ಈಡಿತ್ ನನ್ನ ಅಮ್ಮನ ಅಕ್ಕ. ಅವಳಿಗೆ ಮೂರ್ಛೆ ಬರುತ್ತಿತ್ತು. ಅಷ್ಟೇ ಅವಳ ಹುಚ್ಚು. ಚರ್ಚಿನಲ್ಲಿ ಎಲ್ಲರೆದುರು ಒಮ್ಮೆ ಬಿದ್ದಳು. ಮುಂದಿನ ತಿಂಗಳು ತಾತ ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದರು. ಅವಳು ಮತ್ತೆ ಮನೆಗೆ ಬರಲಿಲ್ಲ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಚಳಿಗಾಲದಲ್ಲಿ ನ್ಯುಮೋನಿಯಾದಿಂದ ಅಲ್ಲೇ ಸತ್ತಳು. ಮಣ್ಣು ಮಾಡುವಾಗ ಅಮ್ಮ ಶಾಲೆಗೆ ಹೋಗುವ ಹುಡುಗಿ. ಈಗ ಅವಳಿಗೆ ತೊಂಬತ್ತು ದಾಟಿದೆ, ನನ್ನ ಜತೆಗಿದ್ದಾಳೆ, ಕಿವಿ ಮಂದ, ನಾಲಿಗೆ ಮಾತ್ರ ಚುರುಕು. ಅವಳಿಗೆ ನೆನಪಿರುವುದು ಇಷ್ಟು: ಕೊಳದ ಪಕ್ಕ ಸಾಲಿನ ಕೊನೆ, ಕಲ್ಲಿಲ್ಲ, ಶಿಲುಬೆಯಿಲ್ಲ, ಹೆಸರಿಲ್ಲ, ಸಂಖ್ಯೆ ಕೊರೆದ ಒಂದು ಕಬ್ಬಿಣದ ಗೂಟ. ಮುಟ್ಟಲು ಹೋದರೆ ತಾತ ಕೈ ಹಿಡಿದು ಎಳೆದರಂತೆ. ಮುಂದೆ ಹುಲ್ಲು ಕೊಯ್ಯಲು ಅಡ್ಡವೆಂದು ಆಸ್ಪತ್ರೆಯವರು ಗೂಟಗಳನ್ನು ನೆಲಕ್ಕೆ ಸಮವಾಗಿ ಹೊಡೆದರು. ಮೇಲೆ ಹುಲ್ಲು ಬೆಳೆಯಿತು. ಆಸ್ಪತ್ರೆ ಮುಚ್ಚಿತು, ದಾಖಲೆಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ, ನಿಮ್ಮ ನಕ್ಷೆಯಲ್ಲಿ ಅದು "ಖಾಲಿ ಹುಲ್ಲುಗಾವಲು" ಆಯಿತು. ಹುಲ್ಲಿನಡಿಯ ಕಬ್ಬಿಣವನ್ನು ಒಂದು ಹುಲ್ಲುಕಡ್ಡಿಗೂ ನೋವಾಗದಂತೆ ಕಂಡುಹಿಡಿಯುವ ಯಂತ್ರ ನಮ್ಮಲ್ಲಿದೆ ಎಂದು ನಾನು ನಿಮ್ಮ ಬಾಗಿಲಿಗೆ ಬಂದೆ. ಇದರಲ್ಲಿ ಯಾವ ಭಾಗ ನಿಮಗೆ ಅರ್ಥವಾಗಲಿಲ್ಲ?

ಅನುಮತಿ ಪಡೆಯಲು ನಾನು ನಡೆದ ದಾರಿಯನ್ನು ಊರಿನವರು ಕೇಳಬೇಕು. ಮೊದಲು ಕಾಮಗಾರಿಯ ಮೇಲ್ವಿಚಾರಕ ರಾಯ್ಡನ್ ಪೆಕ್ ಬಳಿ ಹೋದೆ. ಎತ್ತರದ ಆಳು, ಒರಟು ಧ್ವನಿ, ಆದರೆ ಕುರ್ಚಿ ಕೊಟ್ಟು ಚಹಾ ತರಿಸಿದ.

"ನಂದೇನೂ ಅಡ್ಡಿ ಇಲ್ಲ ಮೇಡಂ," ಎಂದ. "ಹೆಲ್ಮೆಟ್ ಹಾಕ್ಕೊಳಿ, ಬೂಟ್ ಹಾಕ್ಕೊಳಿ, ಯಂತ್ರಗಳು ನಿಂತಿರೋ ದಿನ ಬನ್ನಿ. ಆದ್ರೆ ಆ ದಕ್ಷಿಣದ ತುಂಡು ಇನ್ನೂ ಪುರಸಭೆ ಹೆಸರಲ್ಲೇ ಇದೆ. ಅವರು ಒಂದು ಸಾಲು ಬರ್ಕೊಡ್ಲಿ ಸಾಕು."

ಒಂದು ಸಾಲು! ಆ ಬಡಪಾಯಿಗೆ ನಿಮ್ಮ ಪರಿಚಯ ಇರಲಿಲ್ಲ. ನಿಮ್ಮ ಕಚೇರಿ ಹೇಳಿತು, ಕಾಮಗಾರಿ ಜಾಗ ಗುತ್ತಿಗೆದಾರರ ವಶದಲ್ಲಿದೆ, ಅವರನ್ನೇ ಕೇಳಿ. ಅವರು ಒಪ್ಪಿದ್ದಾರೆ ಎಂದಾಗ ವಿಮೆ ಬೇಕೆಂದಿತು. ಸಂಘದ ವಿಮೆ ತೋರಿಸಿದೆ. ಆಗ ನೆಲದಡಿಯ ವಸ್ತುಗಳು ಪರಂಪರೆ ವಿಭಾಗಕ್ಕೆ ಸೇರಿದ್ದೆಂದಿತು. ಪರಂಪರೆ ವಿಭಾಗದವರು, ಅಲ್ಲಿ ಪರಂಪರೆಯೇನೂ ಇಲ್ಲವೆಂದು ಯೋಜನಾ ವಿಭಾಗ ಬರೆದುಕೊಟ್ಟಿರುವುದರಿಂದ ತಮಗೆ ಸಂಬಂಧವಿಲ್ಲ ಎಂದರು. ಅಲ್ಲಿ ಏನೂ ಇಲ್ಲ, ಆದ್ದರಿಂದ ಹುಡುಕಬೇಕಿಲ್ಲ. ಯಾರೂ ಹುಡುಕಿಲ್ಲ, ಆದ್ದರಿಂದ ಅಲ್ಲಿ ಏನೂ ಇಲ್ಲ. ಇಂಥ ತರ್ಕ ಕಲಿಸುವ ವಿಶ್ವವಿದ್ಯಾಲಯ ಯಾವುದು ಎಂದು ದಯವಿಟ್ಟು ತಿಳಿಸಿ. ನಮ್ಮ ಮೊಮ್ಮಕ್ಕಳನ್ನು ಅಲ್ಲಿಗೆ ಕಳಿಸದಂತೆ ನೋಡಿಕೊಳ್ಳುತ್ತೇವೆ.

ಕೊನೆಗೆ ನೀವೇ ಭೇಟಿಗೆ ಸಮಯ ಕೊಟ್ಟಿರಿ. ನಾನು, ನೆವಿಲ್, ಗಾಲಿಕುರ್ಚಿಯಲ್ಲಿ ಅಮ್ಮ. ಅಮ್ಮ ಚರ್ಚಿಗೆ ಹಾಕುವ ನೀಲಿ ಟೋಪಿ ಹಾಕಿಕೊಂಡಿದ್ದಳು. ಆ ಭೇಟಿಯಲ್ಲಿ ಏನೇನು ಮಾತಾಯಿತು ಎಂದು ನಿಮಗೆ ಮರೆತಿರಬಹುದು. ಮರೆಯುವುದು ನಿಮ್ಮ ಕಚೇರಿಯ ಮುಖ್ಯ ಕಸುಬು. ನಮಗೆ ಮರೆತಿಲ್ಲ.

ನೀವು ನಗುತ್ತಲೇ ನೆವಿಲ್‌ನನ್ನು ಕೇಳಿದಿರಿ: "ರೋಮನ್ನರ ಚಿನ್ನ ಸಿಕ್ಕಿದ್ರೆ ನಮಗೂ ಪಾಲು ಕೊಡ್ತೀರೇನ್ರಿ?"

ನೆವಿಲ್ ಕೆಂಪಾಗಿ ತಲೆ ತಗ್ಗಿಸಿದ. ಜೀವನವಿಡೀ ಮನೆಮನೆಗೆ ಪತ್ರ ಮುಟ್ಟಿಸಿದವನು, ಯಾರ ಲಕೋಟೆಯನ್ನೂ ಬೆಳಕಿಗೆ ಹಿಡಿದು ನೋಡದವನು.

ಅಮ್ಮ ಕೇಳಿದಳು, "ಏನಂತೆ ವಿನ್ನಿ? ಏನಂದ ಅವನು?"

"ಚಿನ್ನ ಸಿಗುತ್ತಾ ಅಂತ ಕೇಳ್ತಿದಾರಮ್ಮ."

"ನಮ್ಮಕ್ಕ ಸಿಗ್ತಾಳೆ ಕಣಪ್ಪ," ಎಂದಳು ಅಮ್ಮ ನಿಮ್ಮತ್ತ ತಿರುಗಿ. "ಅವಳು ಸಾಕು ನಂಗೆ. ನೀನು ಆಮೇಲೆ ಚಿನ್ನ ಹುಡುಕ್ಕೋ."

ಆಗ ನೀವು ಗಂಟಲು ಸರಿಮಾಡಿಕೊಂಡು, ಪುರಸಭೆ ಭಾವನೆಗಳನ್ನು ಗೌರವಿಸುತ್ತದೆ ಎಂದಿರಿ. ಬೇಕಾದರೆ ಹೊಸ ಬಡಾವಣೆಯ ಒಂದು ರಸ್ತೆಗೆ "ಪ್ರಶಾಂತ ಬೀದಿ" ಎಂದು ಹೆಸರಿಡಬಹುದು ಎಂದಿರಿ. ಸತ್ತವರ ಎದೆಯ ಮೇಲೆ ಕಾರು ನಿಲ್ಲಿಸುವ ಬೀದಿಗೆ ಪ್ರಶಾಂತ ಎಂಬ ಹೆಸರು! ಯಾರ ಶಾಂತಿ, ಸ್ವಾಮಿ? ಅವರದೋ, ನಿಮ್ಮದೋ? ಅಮ್ಮ ಕೇಳಿಸದವಳಂತೆ ಕಿಟಕಿಯತ್ತ ನೋಡುತ್ತಿದ್ದಳು. ಕೇಳಿಸಿತ್ತು ಎಂದು ನನಗೆ ಗೊತ್ತು, ಟೋಪಿ ಸರಿಮಾಡಿಕೊಂಡು ಹೊರಡೋಣವೆಂದು ಸನ್ನೆ ಮಾಡಿದಳು.

ಮನೆಗೆ ಬಂದು ನಾನು ಅಡುಗೆಮನೆಯಲ್ಲಿ ಅತ್ತೆ. ನೆವಿಲ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಕೂತಿದ್ದ. ಅಮ್ಮ ತನ್ನ ಪಾಡಿಗೆ ಹಳೆಯದೆಲ್ಲ ಹೇಳುತ್ತಿದ್ದಳು: ಈಡಿತ್ ಹಾಡುತ್ತಿದ್ದದ್ದು, ಭಾನುವಾರ ನೋಡಲು ಹೋದರೆ ಬೇಲಿಯಾಚೆಯಿಂದ ಕೈ ಬೀಸುತ್ತಿದ್ದದ್ದು. "ಬಾಂಬು ಬಿದ್ದಾಗ್ಲೂ ಅವಳು ಅಲ್ಲೇ ಇದ್ಲಲ್ಲ ಪಾಪ. ಎರಡು ಬಿತ್ತು. ಒಂದು ಸಿಡಿದು ಆಸ್ಪತ್ರೆ ಹಸುಗಳೆಲ್ಲ ಸತ್ತೋದ್ವು. ಇನ್ನೊಂದು ಕೊಳದ ಹತ್ರ ಕೆಸರಲ್ಲಿ ಹಾಗೇ ಹೂತ್ಕೊಂಡು ಹೋಯ್ತು, ಆ ಗುಂಡಿ ನಾನೇ ಕಣ್ಣಾರೆ ನೋಡಿದೀನಿ."

ನೆವಿಲ್‌ನ ಬಿಸ್ಕತ್ತು ಮುರಿದು ಕಪ್ಪಿನೊಳಗೆ ಬಿತ್ತು. "ಫ್ಲೋರಿ ಅಮ್ಮ," ಎಂದ ಅಮ್ಮನತ್ತ ತಿರುಗಿ, "ಇನ್ನೊಂದ್ಸಲ ಹೇಳಿ. ಎಲ್ಲಿ ಹೂತ್ಕೊಂಡ್ತು?"

ಮಾನ್ಯರೇ, ಇನ್ನು ಮುಂದಿನದನ್ನು ನಾನು ಬಹಳ ಸಂತೋಷದಿಂದ ಬರೆಯುತ್ತೇನೆ. ಮರುದಿನ ನಾವು ನಿಮ್ಮ ಕಚೇರಿಗೆ ಇನ್ನೊಂದು ಪತ್ರ ಕೊಟ್ಟೆವು. ಅದರಲ್ಲಿ ದೊಡ್ಡಮ್ಮನ ಹೆಸರಿರಲಿಲ್ಲ, ಗೋರಿಯ ಮಾತಿರಲಿಲ್ಲ. ದಕ್ಷಿಣದ ಹುಲ್ಲುಗಾವಲಿನಲ್ಲಿ ಯುದ್ಧಕಾಲದ ಸಿಡಿಯದ ಬಾಂಬು ಇರಬಹುದು, ಕಣ್ಣಾರೆ ಕಂಡವರಿದ್ದಾರೆ ಎಂದಷ್ಟೇ ಇತ್ತು. ಸುಳ್ಳಲ್ಲ, ಪ್ರತಿ ಅಕ್ಷರ ನಿಜ. ಆಹಾ, ನಿಮ್ಮ ಕಚೇರಿಯ ಕಾಲಿಗೆ ಎಂಥ ರೆಕ್ಕೆ ಬಂತು! ಯಾವ ವಿಭಾಗ ಎಂದು ಯಾರೂ ಕೇಳಲಿಲ್ಲ. ವಿಮೆ, ಪರಂಪರೆ, ಜಾಗ ಯಾರ ಹೆಸರಲ್ಲಿದೆ, ಒಂದೂ ಅಡ್ಡ ಬರಲಿಲ್ಲ. ಅದೇ ವಾರದಲ್ಲಿ ಪುರಸಭೆಯ ಖರ್ಚಿನಲ್ಲೇ ನೆಲದಡಿಯ ಕಬ್ಬಿಣ ಹುಡುಕುವ ದೊಡ್ಡ ಯಂತ್ರ ಬಂತು. ಸತ್ತ ಹೆಂಗಸರು ಸಿಡಿಯುವುದಿಲ್ಲ. ಅದೇ ಅವರು ಮಾಡಿದ ತಪ್ಪು.

ಯಂತ್ರ ತಂದವಳು ಟಾಮ್ಸಿನ್ ಎಂಬ ತರುಣಿ, ಬಾಂಬು ಪತ್ತೆ ಮಾಡುವುದೇ ಅವಳ ಕೆಲಸ. ನಾವು ಮೂವರೂ ಬೇಲಿಯಾಚೆ ಸಾರ್ವಜನಿಕ ಕಾಲುದಾರಿಯಲ್ಲಿದ್ದು ನೋಡಿದೆವು. ಅಲ್ಲಿ ನಿಲ್ಲಲು ನಿಮ್ಮ ಅನುಮತಿ ಬೇಕಿರಲಿಲ್ಲ. ಅವಳು ಉದ್ದಕ್ಕೆ ನಡೆದಳು, ತಿರುಗಿದಳು, ಮತ್ತೆ ನಡೆದಳು. ಆಮೇಲೆ ಯಂತ್ರದ ಪರದೆ ನೋಡುತ್ತ ನಿಂತುಬಿಟ್ಟಳು.

"ಬಾಂಬಾ?" ಎಂದು ಪೆಕ್ ದೂರದಿಂದಲೇ ಕೂಗಿದ.

"ಬಾಂಬು ಹೀಗೆ ಸಾಲಾಗಿ ಬೀಳಲ್ಲ ಸಾರ್," ಎಂದಳು ಅವಳು. "ಒಂದೇ ಅಂತರದಲ್ಲಿ, ಸಾಲು ಸಾಲಾಗಿ, ಸಣ್ಣ ಸಣ್ಣ ಕಬ್ಬಿಣ. ಬನ್ನಿ ನೋಡಿ. ಏನಿದು?"

ಪೆಕ್ ಅಲ್ಲೇ ಮೊಣಕಾಲೂರಿ, ಗಾರೆ ಕರಣೆಯಿಂದ ಹುಲ್ಲಿನ ಹೆಂಟೆ ಬಿಡಿಸಿದ. ಮೇಲೆಯೇ ಇತ್ತು. ತುಕ್ಕು ಹಿಡಿದ ಗೂಟದ ತಲೆ, ಅದರ ಮೇಲೆ ಸಂಖ್ಯೆ. ಹೆಬ್ಬೆರಳಿನಿಂದ ಮಣ್ಣೊರೆಸಿದ. ಎದ್ದು ನಿಂತು ಹೆಲ್ಮೆಟ್ ತೆಗೆದ. ಬೇಲಿಯ ಬಳಿಗೆ ಬಂದು ಅಮ್ಮನ ಮುಂದೆ ಬಗ್ಗಿದ.

"ಅಜ್ಜಿ, ನೀವು ಹೇಳಿದ್ದೇ ಸರಿ," ಎಂದ. "ಇವತ್ತಿಂದ ಇಲ್ಲಿ ಕೆಲಸ ನಿಲ್ಲಿಸ್ತೀನಿ. ನನ್ನ ಮೇಲಿನವರು ಏನಾದ್ರೂ ಅಂದ್ಕೊಳ್ಳಿ."

ಅಮ್ಮ ಬೇಲಿಯ ಸಂದಿಯಿಂದ ಕೈ ಚಾಚಿ ಅವನ ಕೆನ್ನೆ ಮುಟ್ಟಿದಳು. "ನಮ್ಮಕ್ಕ ಆ ತುದೀಲಿ ಇದಾಳಪ್ಪ, ಕೊಳದ ಹತ್ರ," ಎಂದಳು.

ಆ ತುದಿಯತ್ತ ತಿರುಗಿದ ಪೆಕ್‌ನ ಮುಖ ಬಿಳಿಚಿಕೊಂಡಿತು. ಕೊಳದ ಬದಿಯ ಆ ತುಂಡಿನ ಮೇಲ್ಮಣ್ಣನ್ನು ಕೆಲವೇ ವಾರಗಳ ಹಿಂದೆ, ನಿಮ್ಮ ಸಹಿಯಿದ್ದ ಆದೇಶದಂತೆ, ಕೆರೆದು ಗುಡ್ಡೆ ಹಾಕಲಾಗಿತ್ತು. ನಾನು ನಿಮ್ಮ ವಿಭಾಗದಿಂದ ವಿಭಾಗಕ್ಕೆ ಅಲೆಯುತ್ತಿದ್ದ ದಿನಗಳವು.

ಇಲ್ಲಿಗಾದರೂ ನಿಮಗೆ ನಾಚಿಕೆಯಾದೀತು ಎಂದುಕೊಂಡಿದ್ದೆ. ನಿಮ್ಮನ್ನು ನಾನು ಅತಿಯಾಗಿ ಅಂದಾಜು ಮಾಡಿದ್ದೆ. ಬಾಂಬು ಎಲ್ಲೂ ಸಿಗಲಿಲ್ಲ, ಮರುವಾರ ನಿಮ್ಮ ಪ್ರಕಟಣೆ ಮಾತ್ರ ಬಂತು: "ಪುರಸಭೆಯ ಮುಂದಾಲೋಚನೆಯ ಸಮೀಕ್ಷೆಯಿಂದ ಐತಿಹಾಸಿಕ ಸ್ಮಶಾನ ಪತ್ತೆ." ಜತೆಗೆ ನಿಮ್ಮ ಭಾವಚಿತ್ರ, ಹೊಚ್ಚ ಹೊಸ ಹೆಲ್ಮೆಟ್‌ನಲ್ಲಿ. ಗೂಟಗಳು ಸಿಕ್ಕ ಜಾಗಕ್ಕೆ ಬೇಲಿ ಹಾಕಿ ಉದ್ಯಾನ ಮಾಡುತ್ತೀರಂತೆ. ಒಳ್ಳೆಯದು. ಅಲ್ಲಿ ಮಲಗಿರುವವರ ಪರವಾಗಿ ಸಂತೋಷ. ಆದರೆ ಕೊಳದ ಬದಿಯ ತುಂಡು ಉದ್ಯಾನಕ್ಕೆ ಸೇರುವುದಿಲ್ಲ, ಅಲ್ಲಿ ಕಾರು ನಿಲ್ಲಿಸುವ ಜಾಗವೇ ಆಗುತ್ತದೆ ಎಂದಿರಿ. ಕಾರಣ? "ಆ ಭಾಗದಲ್ಲಿ ಯಾವುದೇ ಗೂಟ ದೊರೆತಿಲ್ಲ." ಹೇಗೆ ದೊರೆಯುತ್ತದೆ? ಗೂಟವಿದ್ದ ಮಣ್ಣನ್ನೇ ಕೆರೆದು ತೆಗೆದವರು ನೀವು. ಗೋರಿಗಳು ಅಷ್ಟು ಮೇಲೆ ಇರುವುದಿಲ್ಲ. ಅವರೆಲ್ಲ ಇನ್ನೂ ಅಲ್ಲೇ ಇದ್ದಾರೆ, ತಲೆಯ ಮೇಲಿನ ಗುರುತು ಮಾತ್ರ ನಿಮ್ಮ ಗುಡ್ಡೆಯಲ್ಲಿದೆ. ಉಳಿದ ಸಾಲುಗಳ ಸಂಖ್ಯೆ ಕೊಳದ ಕಡೆಗೆ ಏರುತ್ತ ಬಂದು, ನೀವು ಕೆರೆದ ಗೆರೆಯಲ್ಲಿ ತಟ್ಟನೆ ನಿಲ್ಲುತ್ತದೆ. ಅದರ ಮುಂದಿನ ಸಂಖ್ಯೆಯ ಒಂದು ಗೂಟ ಆ ಗುಡ್ಡೆಯಲ್ಲಿ ಸಿಕ್ಕರೂ ಸಾಲು ಮುಂದುವರಿದಿತ್ತೆಂದು ಸಾಬೀತಾಗುತ್ತದೆ. ಆಗ ಡಾಂಬರು ಹಾಕುವ ಹಕ್ಕು ನಿಮಗಿರುವುದಿಲ್ಲ. ಅದಕ್ಕೇ ಅಲ್ಲವೇ, ಆ ಗುಡ್ಡೆ ಶೋಧಿಸಲು ಅನುಮತಿ ಕೇಳಿದ ನಮಗೆ "ಸಮೀಕ್ಷೆ ಮುಗಿದಿದೆ" ಎಂಬ ಉತ್ತರ ಬಂದದ್ದು? ಅದಕ್ಕೇ ಅಲ್ಲವೇ, ಇದ್ದಕ್ಕಿದ್ದಂತೆ ಲಾರಿಗಳಿಗೆ ಇಷ್ಟು ಅವಸರವಾದದ್ದು?

ಆದ್ದರಿಂದ ಮನವಿಯ ಭಾಷೆ ಇಲ್ಲಿಗೆ ಸಾಕು. ಲಾರಿಗಳನ್ನು ನಿಲ್ಲಿಸಿ. ನಮ್ಮ ಸಂಘಕ್ಕೆ ಆ ಗುಡ್ಡೆಯನ್ನು ಶೋಧಿಸಲು ಬರಹದಲ್ಲಿ ಅನುಮತಿ ಕೊಡಿ. ಬೇಕಾದರೆ ನಿಮ್ಮ ಪರಂಪರೆ ವಿಭಾಗದವರು ಪಕ್ಕದಲ್ಲಿ ನಿಂತು ಕಾಯಲಿ. ಸಿಕ್ಕ ಪ್ರತಿ ಗೂಟವನ್ನೂ ನಿಮ್ಮ ಕೈಗೇ ಕೊಡುತ್ತೇವೆ, ಪ್ರತಿ ಬಾಟಲಿ ಮುಚ್ಚಳವನ್ನೂ. ಅದು ಮುಗಿಯುವವರೆಗೆ ಕೊಳದ ಬದಿಗೆ ಒಂದು ಹಾರೆಯೂ ಬೀಳಕೂಡದು.

ಅನುಮತಿ ಬಂದರೂ ಬರದಿದ್ದರೂ ಈ ಶನಿವಾರ ಬೆಳಿಗ್ಗೆ ನಾವು ಗೇಟಿನ ಮುಂದೆ ಇರುತ್ತೇವೆ. ಪತ್ರವಿಲ್ಲದೆ ಒಳಗೆ ಕಾಲಿಡುವುದಿಲ್ಲ, ಕಾನೂನು ನಮಗೆ ಗೊತ್ತು. ಆದರೆ ರಸ್ತೆ ಸಾರ್ವಜನಿಕರದು, ಲಾರಿಗಳು ಹೊರಬರಬೇಕಾದದ್ದೂ ಅದೇ ರಸ್ತೆಗೆ. ಆ ರಸ್ತೆಯ ಮಧ್ಯದಲ್ಲಿ ಅಮ್ಮನ ಗಾಲಿಕುರ್ಚಿ ನಿಂತಿರುತ್ತದೆ. ಕುರ್ಚಿಯ ಬ್ರೇಕನ್ನು ನಾನೇ ಹಾಕುತ್ತೇನೆ. ಅದನ್ನು ತೆಗೆಯುವ ಧೈರ್ಯವಿದ್ದರೆ ಸಿಬ್ಬಂದಿಯನ್ನು ಕಳಿಸಬೇಡಿ, ದಯವಿಟ್ಟು ನೀವೇ ಬನ್ನಿ.

ಇಂತಿ,
ನಿಮ್ಮ ಸಂಬಳಕ್ಕೆ ತೆರಿಗೆ ಕಟ್ಟುತ್ತ ಬಂದಿರುವುದಕ್ಕೆ ಪಶ್ಚಾತ್ತಾಪಪಡುತ್ತಿರುವ,
ವಿನಿಫ್ರೆಡ್ ಗಾಸ್ಲಿಂಗ್
ಆಲ್ಡರ್‌ಬಿ, ಲಿಂಕನ್‌ಶೈರ್